ತೂಬಿಲ್ಲದ ಕೆರೆ: ಸೌತ್ ಫೋರ್ಕ್ ಕಟ್ಟೆಯ ಪಾಠ

ನೀರನ್ನು ಕಟ್ಟಿ ನಿಲ್ಲಿಸುವುದು ಮಾನವನ ಅತಿ ಪುರಾತನ ವಿದ್ಯೆಗಳಲ್ಲೊಂದು. ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಕೆರೆಯ ಮೂರು ಅಂಗಗಳು ಚಿರಪರಿಚಿತ. ನೀರನ್ನು ತಡೆಯುವುದು ಏರಿ. ಬೇಕೆನಿಸಿದಾಗ ನೀರನ್ನು ಹೊರಬಿಡುವುದು ತೂಬು. ಮಿಕ್ಕಿದ ನೀರು ತಾನಾಗಿಯೇ ಹರಿದು ಹೋಗುವ ದಾರಿ ಕೋಡಿ. ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಹಬ್ಬ. ಏರಿಯ ಮೇಲೆಯೇ ನೀರು ಹರಿಯಿತೆಂದರೆ ಊರಿಗೆ ಗಂಡಾಂತರ. ಈ ಎರಡರ ನಡುವಣ ಅಂತರ ಕೆಲವೇ ಅಡಿಗಳದು. ಆ ಅಂತರವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸೌತ್ ಫೋರ್ಕ್ ಎಂಬ ಮಣ್ಣಿನ ಕಟ್ಟೆ ಮರೆಯಲಾಗದ ನಿದರ್ಶನವಾಗಿದೆ.

ಈ ಕಟ್ಟೆಯನ್ನು ಆ ರಾಜ್ಯದ ಸರ್ಕಾರವು ದೋಣಿಗಾಲುವೆಗೆ ನೀರೊದಗಿಸುವ ಸಲುವಾಗಿ ೧೮೩೮ರಲ್ಲಿ ಆರಂಭಿಸಿ ೧೮೫೩ರಲ್ಲಿ ಮುಗಿಸಿತು. ಎತ್ತರ ಸುಮಾರು ೭೨ ಅಡಿ, ಉದ್ದ ಸುಮಾರು ೯೩೦ ಅಡಿ. ತಳದಲ್ಲಿ ಐದು ಎರಕದ ಕಬ್ಬಿಣದ ಕೊಳವೆಗಳ ತೂಬು. ಒಂದು ತುದಿಯಲ್ಲಿ ಬಂಡೆಯನ್ನು ಕಡಿದು ಮಾಡಿದ ಕೋಡಿ. ಆದರೆ ಕಟ್ಟೆ ಮುಗಿಯುವ ವೇಳೆಗೆ ರೈಲು ಬಂದು ಕಾಲುವೆ ನಿರುಪಯುಕ್ತವಾಯಿತು. ೧೮೫೭ರಲ್ಲಿ ಅದು ರೈಲ್ವೆ ಕಂಪನಿಯ ಪಾಲಾಯಿತು. ೧೮೬೨ರಲ್ಲಿ ತಳದ ಮೋರಿ ಕುಸಿದು ಏರಿಯ ಒಂದು ಭಾಗ ಕೊಚ್ಚಿಹೋಯಿತು. ಆಗ ನೀರು ಕಡಿಮೆಯಿದ್ದುದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ೧೮೭೫ರಲ್ಲಿ ಅದನ್ನು ಕೊಂಡ ಜಾನ್ ರೈಲಿ ಎಂಬವರು ಕಬ್ಬಿಣದ ಕೊಳವೆಗಳನ್ನು ಕೀಳಿಸಿ ಗುಜರಿಗೆ ಮಾರಿದರು. ಹೀಗೆ ಕೆರೆಯು ತೂಬನ್ನು ಕಳೆದುಕೊಂಡಿತು.

೧೮೭೯ರಲ್ಲಿ ಬೆಂಜಮಿನ್ ರಫ್ ಎಂಬವರು ಇದನ್ನು ಕೊಂಡು, ಪಿಟ್ಸ್‌ಬರ್ಗ್ ನಗರದ ಸಿರಿವಂತರಿಗಾಗಿ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್ಬೊಂದನ್ನು ಸ್ಥಾಪಿಸಿದರು. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್, ಆಂಡ್ರ್ಯೂ ಮೆಲನ್ ಮೊದಲಾದವರು ಅದರ ಸದಸ್ಯರು. ಸುಮಾರು ಎರಡು ಮೈಲಿ ಉದ್ದದ ಆ ಜಲಾಶಯದ ದಡದಲ್ಲಿ ಬೇಸಿಗೆಯ ಬಂಗಲೆಗಳು ಎದ್ದವು. ನೀರಿನಲ್ಲಿ ವಿಹಾರದ ದೋಣಿಗಳು ತೇಲಿದವು. ಒಡೆದ ಏರಿಯನ್ನು ಮಣ್ಣು, ಕಲ್ಲು, ಪೊದೆ, ಹುಲ್ಲು, ಗೊಬ್ಬರಗಳಿಂದ ಮುಚ್ಚಿದರು. ತೂಬನ್ನು ಮತ್ತೆ ಇಡಲಿಲ್ಲ. ಸಾರೋಟುಗಳು ಸಲೀಸಾಗಿ ಸಾಗಲೆಂದು ಏರಿಯ ತಲೆಯನ್ನು ತಗ್ಗಿಸಿ ದಾರಿಯನ್ನು ಅಗಲ ಮಾಡಿದರು. ಸಾಕಿದ ಮೀನುಗಳು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಅಡ್ಡಲಾಗಿ ಜಾಲರಿಯನ್ನಿಟ್ಟರು. ಎಲ್ಲಕ್ಕಿಂತ ಎತ್ತರವಾಗಿರಬೇಕಾದ ಏರಿಯ ನಡುಭಾಗವೇ ತುಸು ಕುಸಿದಿತ್ತು.

ಇವುಗಳ ಪರಿಣಾಮವನ್ನು ಗಣಿತದಿಂದ ತಿಳಿಯಬಹುದು. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣವು ಅಲ್ಲಿನ ನೀರಿನ ಎತ್ತರದ ಒಂದೂವರೆ ಘಾತವನ್ನು ಅನುಸರಿಸುತ್ತದೆ. ಎತ್ತರ ಇಮ್ಮಡಿಯಾದರೆ ಹರಿವು ಸುಮಾರು ೨.೮ ಪಟ್ಟಾಗುತ್ತದೆ. ಅಂದರೆ ಏರಿಯ ತಲೆಯನ್ನು ಎರಡು ಮೂರು ಅಡಿ ತಗ್ಗಿಸಿದರೂ, ಕೋಡಿಯು ಹೊರಹಾಕಬಲ್ಲ ನೀರು ಗಣನೀಯವಾಗಿ ಕಡಿಮೆಯಾಗುತ್ತದೆ. ಕಲ್ಲಿನ ಅಣೆಕಟ್ಟು ತನ್ನ ಮೇಲೆ ಹರಿದ ನೀರನ್ನು ಕೆಲಕಾಲ ತಾಳಬಲ್ಲುದು. ಮಣ್ಣಿನ ಏರಿ ತಾಳಲಾರದು. ಹೊರ ಇಳಿಜಾರಿನಲ್ಲಿ ಧುಮುಕುವ ನೀರು ಮಣ್ಣನ್ನು ಕೊರೆಯುತ್ತ, ಕೊರಕಲು ಹಿಂದೆ ಹಿಂದೆ ಸರಿಯುತ್ತ, ಕೊನೆಗೆ ಏರಿಯನ್ನೇ ಸೀಳುತ್ತದೆ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ೧೪ ಮೈಲಿ ಕೆಳಗೆ, ಸುಮಾರು ೪೫೦ ಅಡಿ ತಗ್ಗಿನಲ್ಲಿ ಜಾನ್ಸ್‌ಟೌನ್ ಎಂಬ ಕಬ್ಬಿಣ ಕಾರ್ಖಾನೆಯ ಪಟ್ಟಣವಿತ್ತು. ಕಾರ್ಖಾನೆಯ ಮುಖ್ಯಸ್ಥರಾದ ಡೇನಿಯಲ್ ಮಾರೆಲ್ ಅವರು ೧೮೮೦ರಲ್ಲಿ ಜಾನ್ ಫುಲ್ಟನ್ ಎಂಬ ತಜ್ಞರನ್ನು ಕಳುಹಿಸಿ ಕಟ್ಟೆಯನ್ನು ಪರಿಶೀಲಿಸಿದರು. ತೂಬಿಲ್ಲದಿರುವುದು, ದುರಸ್ತಿ ಸರಿಯಿಲ್ಲದಿರುವುದು ಎಂಬೆರಡು ದೋಷಗಳನ್ನು ಫುಲ್ಟನ್ ಸ್ಪಷ್ಟವಾಗಿ ಗುರುತಿಸಿದರು. ದುರಸ್ತಿಯ ವೆಚ್ಚದಲ್ಲಿ ಪಾಲು ಕೊಡಲು ಮಾರೆಲ್ ಸಿದ್ಧರಿದ್ದರು. ಭಯಪಡಲು ಕಾರಣವಿಲ್ಲವೆಂದು ಉತ್ತರ ಬಂದಿತು. ೧೮೮೫ರಲ್ಲಿ ಮಾರೆಲ್, ೧೮೮೭ರಲ್ಲಿ ರಫ್ ತೀರಿಕೊಂಡರು. ಪ್ರಶ್ನೆ ಮಾತ್ರ ಏರಿಯಲ್ಲಿಯೇ ಉಳಿಯಿತು.

೧೮೮೯ನೆಯ ಮೇ ೩೦ರ ರಾತ್ರಿ ಭಾರಿ ಮಳೆ ಸುರಿಯಿತು. ಮೇ ೩೧ರ ಬೆಳಗ್ಗೆ ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಅಂಗರ್ ಅವರು ಕೂಲಿಗಳನ್ನು ಕೂಡಿಸಿ ಏರಿಯನ್ನು ಎತ್ತರಿಸಲು ಯತ್ನಿಸಿದರು. ಮತ್ತೊಂದು ಕೋಡಿಯನ್ನು ಅಗೆಸಿದರು. ಕಸಕಡ್ಡಿಗಳಿಂದ ಕಟ್ಟಿಕೊಂಡಿದ್ದ ಜಾಲರಿಯನ್ನು ತೆಗೆಯಲು ನೋಡಿದರು. ಜಾನ್ ಪಾರ್ಕ್ ಎಂಬ ತರುಣ ಇಂಜಿನಿಯರು ಕುದುರೆಯೇರಿ ಹೋಗಿ ಎಚ್ಚರಿಕೆಯ ಸುದ್ದಿ ಮುಟ್ಟಿಸಿದರು. ತಂತಿಗಳು ಹೋದರೂ ಅವನ್ನು ಲಕ್ಷಿಸಿದವರು ವಿರಳ. ಕಟ್ಟೆ ಒಡೆಯುತ್ತದೆಂಬ ಮಾತನ್ನು ಜನ ಹಿಂದೆ ಎಷ್ಟೋ ಸಲ ಕೇಳಿದ್ದರು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಏರಿ ಒಡೆಯಿತು. ಸುಮಾರು ಒಂದು ಗಂಟೆಯೊಳಗೆ ಪ್ರವಾಹ ಜಾನ್ಸ್‌ಟೌನನ್ನು ಮುಟ್ಟಿತು. ೨,೨೦೦ಕ್ಕೂ ಮಿಗಿಲಾದ ಜನ ಮಡಿದರು. ೯೯ ಕುಟುಂಬಗಳು ನಿರ್ವಂಶವಾದವು. ೭೦೦ಕ್ಕೂ ಹೆಚ್ಚು ಶವಗಳ ಗುರುತೇ ಹತ್ತಲಿಲ್ಲ. ಕಲ್ಲುಸೇತುವೆಗೆ ಸಿಲುಕಿದ ಅವಶೇಷಗಳ ರಾಶಿಗೆ ಬೆಂಕಿ ಹತ್ತಿ, ನೀರಿನಿಂದ ಪಾರಾದವರೂ ಕೆಲವರು ಅಲ್ಲಿ ಬೆಂದರು.

ಕ್ಲಬ್ಬಿನಿಂದ ಸಂತ್ರಸ್ತರಿಗೆ ನ್ಯಾಯಾಲಯದ ಮೂಲಕ ಪರಿಹಾರ ದೊರೆಯಲಿಲ್ಲ. ದೈವಕೃತವೆಂಬ ಮಾತು ಅದಕ್ಕೆ ರಕ್ಷೆಯಾಯಿತು. ೧೮೯೧ರಲ್ಲಿ ಪ್ರಕಟವಾದ ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘದ ವರದಿಯು, ಮೂಲ ವಿನ್ಯಾಸವಿದ್ದಿದ್ದರೂ ಕಟ್ಟೆ ಉಳಿಯುತ್ತಿರಲಿಲ್ಲವೆಂದಿತು. ೨೦೧೬ರಲ್ಲಿ ಪ್ರಕಟವಾದ ಜಲಶಾಸ್ತ್ರೀಯ ಅಧ್ಯಯನವೊಂದು ಈ ತೀರ್ಮಾನವನ್ನು ಅಲ್ಲಗಳೆದು, ಏರಿಯನ್ನು ತಗ್ಗಿಸಿದ್ದೇ ಮುಳುವಾಯಿತೆಂದು ತೋರಿಸಿತು. ೧೯೬೪ರಲ್ಲಿ ಆ ಸ್ಥಳವು ರಾಷ್ಟ್ರೀಯ ಸ್ಮಾರಕವಾಯಿತು. ಸೀಳಿದ ಏರಿಯ ಎರಡು ತುದಿಗಳು ಇಂದಿಗೂ ಅಲ್ಲಿ ನಿಂತಿವೆ.

ಇದರಲ್ಲಿ ಯಾರೊಬ್ಬರೂ ಕೇಡನ್ನು ಬಯಸಿರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಒಬ್ಬರು ಗುಜರಿಯ ಹಣವನ್ನು, ಒಬ್ಬರು ದಾರಿಯ ಅಗಲವನ್ನು, ಒಬ್ಬರು ಮೀನನ್ನು ನೋಡಿದರು. ಏರಿಯ ಕೆಳಗಿನ ಊರನ್ನು ನೋಡುವ ಹೊಣೆ ಯಾರದೂ ಆಗಲಿಲ್ಲ. ನಮ್ಮ ಪೂರ್ವಿಕರು ಕೆರೆಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ಜೀರ್ಣೋದ್ಧಾರಕ್ಕೆಂದು ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ಭೂಮಿಯನ್ನು ಬಿಟ್ಟು, ಶಾಸನದಲ್ಲಿ ಬರೆಯಿಸಿದರು. ಕಟ್ಟಿಸುವುದು ಒಂದು ದಾನವಾದರೆ ಕಾಪಾಡುವುದು ಅದಕ್ಕೆ ಕಡಿಮೆಯಲ್ಲದ ಇನ್ನೊಂದು ದಾನ. ಕೆರೆಗೆ ಸಲ್ಲುವ ಈ ಮಾತು ಶಾಲೆಗೂ ಸಲ್ಲುತ್ತದೆ. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳದೆ, ವರ್ಷ ವರ್ಷವೂ ಮಾಳಿಗೆಯ ಸೋರಿಕೆಯನ್ನು ನೋಡಿಕೊಳ್ಳುವವರಿಂದಲೇ ಸಂಸ್ಥೆಗಳು ಬಾಳುತ್ತವೆ.