ಓಟದ ಕುದುರೆಯ ಕಾಲು ಮತ್ತು ಉಸಿರು

ಜಾತ್ರೆಯ ಗಾಡಿ ಓಟಕ್ಕೆಂದು ಕುದುರೆ ಸಾಕುವ ಬಾಂಧವರೇ, ಓಟದ ಕುದುರೆಯ ಬಂಡವಾಳ ಎರಡೇ: ಕಾಲು ಮತ್ತು ಉಸಿರು. ಇವುಗಳಲ್ಲಿ ಒಂದು ಕೆಟ್ಟರೂ ಕುದುರೆ ಕೆಟ್ಟಂತೆ. ಕುದುರೆಗೆ ಬಾಯಿಲ್ಲ. ನೋವನ್ನು ಮೊದಲೇ ಗುರುತಿಸುವ ಹೊಣೆ ಸಾಕಿದವರದು.

ಯಾವ ಕಾಲು ನೋಯುತ್ತಿದೆ?

ಗಟ್ಟಿಯಾದ ಸಮನೆಲದಲ್ಲಿ ಒಬ್ಬರು ಹಗ್ಗ ಸಡಿಲ ಬಿಟ್ಟು ಕುದುರೆಯನ್ನು ಮೆಲ್ಲಗೆ ಓಡಿಸಲಿ. ನೀವು ಎದುರಿಗೆ ನಿಂತು ಅದರ ತಲೆಯನ್ನು ನೋಡಿರಿ. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ಹಿಂಗಾಲಿಗಾದರೆ ಹಿಂದೆ ನಿಂತು ಸೊಂಟವನ್ನು ನೋಡಬೇಕು. ನೋವಿರುವ ಕಡೆಯ ಸೊಂಟ ಹೆಚ್ಚು ಏರಿಳಿಯುತ್ತದೆ.

ಕುದುರೆಯ ಮೈಭಾರದಲ್ಲಿ ಸುಮಾರು ಶೇಕಡ 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಆದ್ದರಿಂದ ಮುಂಗಾಲಿನ ಕುಂಟೇ ಹೆಚ್ಚು; ಅದರಲ್ಲಿಯೂ ಕಾರಣ ಬಹುಮಟ್ಟಿಗೆ ಗೊರಸಿನಲ್ಲಿಯೇ ಇರುತ್ತದೆ. ಮೊದಲು ಕಾಲೆತ್ತಿ ಗೊರಸನ್ನು ಸ್ವಚ್ಛಮಾಡಿ ನೋಡಿರಿ. ಕಲ್ಲು ಸಿಕ್ಕಿದೆಯೇ? ಲಾಳದ ಮೊಳೆ ಒಳಮಾಂಸಕ್ಕೆ ತಾಗಿದೆಯೇ? ಒಂದು ಗೊರಸು ಉಳಿದವುಗಳಿಗಿಂತ ಬಿಸಿಯಾಗಿದೆಯೇ? ಮೊಳೆ ಚುಚ್ಚಿದ ಗಾಯವನ್ನು ಹಗುರಾಗಿ ಎಣಿಸಬೇಡಿರಿ. ಕುದುರೆಗೆ ಧನುರ್ವಾಯು ಬಹು ಬೇಗ ತಗಲುತ್ತದೆ. ಅದರ ಚುಚ್ಚುಮದ್ದನ್ನು ಮುಂಚಿತವಾಗಿಯೇ ಹಾಕಿಸಿಡಬೇಕು.

ಕಾಳಿನ ಚೀಲಕ್ಕೆ ಬಾಯಿ ಹಾಕಿ ಮಿತಿಮೀರಿ ತಿಂದ ಕುದುರೆ, ಮುಂಗೊರಸುಗಳು ಬಿಸಿಯಾಗಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತು, ಹೆಜ್ಜೆಯಿಡಲು ಒಲ್ಲದಿದ್ದರೆ ಅದು ಗೊರಸಿನ ಒಳಪದರದ ಉರಿ. ಅದನ್ನು ನಡೆಸಕೂಡದು, ಕೂಡಲೇ ಪಶುವೈದ್ಯರನ್ನು ಕರೆಯಿಸಿರಿ. ಮೊಣಕಾಲಿನ ಕೆಳಗೆ, ಕಾಲಿನ ಹಿಂಬದಿಯ ಹುರಿ ಊದಿ ಬಿಸಿಯಾಗಿದ್ದರೆ ತಣ್ಣೀರು ಹೊಯ್ದು ಕೆಲಸ ನಿಲ್ಲಿಸಿರಿ. ಹರಿದ ಹುರಿ ಕೂಡಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕು.

ಉಸಿರನ್ನು ಎಣಿಸಿರಿ

ಕುದುರೆ ಮೂಗಿನಿಂದ ಮಾತ್ರ ಉಸಿರಾಡುತ್ತದೆ. ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡಲಾರದು. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಆದ್ದರಿಂದ ಉಸಿರಿನ ದಾರಿಯಲ್ಲಿ ಕೊಂಚ ಅಡ್ಡಿಯಾದರೂ ವೇಗ ಕುಗ್ಗುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆಯ ಏರಿಳಿತ ನೋಡಿ ಎಣಿಸಿರಿ.

ಮೇವು ತಿನ್ನುವಾಗ ಕೆಮ್ಮು, ನಿಂತಲ್ಲೇ ಪಕ್ಕೆ ಹೊಡೆದುಕೊಳ್ಳುವುದು—ಇವು ಹೆಚ್ಚಾಗಿ ಹುಲ್ಲಿನ ಧೂಳು ಮತ್ತು ಬೂಷ್ಟಿನಿಂದ ಬರುವ ಉಬ್ಬಸ. ಬೂಷ್ಟು ಹಿಡಿದ ಹುಲ್ಲನ್ನು ಹಾಕಲೇಬಾರದು. ಒಳ್ಳೆಯ ಹುಲ್ಲನ್ನೂ ನೀರಿನಲ್ಲಿ ನೆನೆಸಿ ಹಾಕಿರಿ. ಲಾಯಕ್ಕೆ ಗಾಳಿ ಆಡಲಿ. ಕುದುರೆಯನ್ನು ಹೊರಗೆ ಕಟ್ಟಿದ ಮೇಲೆಯೇ ಕಸ ಗುಡಿಸಿರಿ.

ಓಡುವಾಗ ಉಸಿರೆಳೆದರೆ ಗೊರಗೊರ ಸದ್ದು ಬರುವುದು ಗಂಟಲಿನ ದೋಷ. ಸಾಮಾನ್ಯವಾಗಿ ಎಡಭಾಗದ ನರ ಸೋತಿರುತ್ತದೆ. ಓಟದ ನಂತರ ಮೂಗಿನಲ್ಲಿ ರಕ್ತ ಕಂಡರೆ ‘ಉಷ್ಣ’ವೆಂದು ಬಿಡಬೇಡಿರಿ. ಶ್ವಾಸಕೋಶದ ಸಣ್ಣ ರಕ್ತನಾಳಗಳು ಒಡೆದಿರಬಹುದು. ಜ್ವರ, ಮೂಗಿನಲ್ಲಿ ಕೀವು, ಮೈಮೇಲೆ ಗಂಟು ಕಂಡರೆ ಕುದುರೆಯನ್ನು ಬೇರೆ ಕಟ್ಟಿ, ಪಶು ಆಸ್ಪತ್ರೆಗೆ ತಿಳಿಸಿರಿ. ಅದು ಗ್ಲ್ಯಾಂಡರ್ಸ್ ಆಗಿದ್ದರೆ ಮನುಷ್ಯರಿಗೂ ತಗಲುತ್ತದೆ.

ನೋವು ಮರೆಸಿ ಓಡಿಸಬೇಡಿರಿ

ಓಟದ ದಿನ ನೋವಿನ ಸೂಜಿ ಹಾಕಿಸಿದರೆ ಕುಂಟು ಕಾಣದು, ಆದರೆ ಗಾಯ ಅಲ್ಲಿಯೇ ಇರುತ್ತದೆ. ನೋವೇ ಕಾಲಿನ ಕಾವಲುಗಾರ. ಅದನ್ನು ಮಲಗಿಸಿದರೆ ಎಲುಬಿನ ಸಣ್ಣ ಬಿರುಕೇ ಮುರಿತವಾಗಬಹುದು. ಬೆಳೆದ ಕುದುರೆಯ ಕಾಲೆಲುಬು ಪೂರ್ತಿ ಮುರಿದರೆ ಕೂಡುವುದು ವಿರಳ. ಗಾಡಿಯ ಮೇಲಿದ್ದವನ ಪ್ರಾಣಕ್ಕೂ ಅಪಾಯ. ಅಶಕ್ತ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಪ್ರತಿದಿನ ಬೆಳಿಗ್ಗೆ ನಾಲ್ಕು ಗೊರಸು ಮುಟ್ಟಿ ನೋಡಿರಿ, ಒಂದು ನಿಮಿಷ ಉಸಿರು ಎಣಿಸಿರಿ. ಎರಡರಲ್ಲಿ ಒಂದು ಸರಿಯಿಲ್ಲವಾದರೂ ಆ ಜಾತ್ರೆಯ ಓಟವನ್ನು ಬಿಟ್ಟುಬಿಡಿರಿ. ಕುದುರೆ ಉಳಿದರೆ ಮುಂದಿನ ಜಾತ್ರೆ ಇದ್ದೇ ಇದೆ.