ಅಪ್ಪನಿಗೆ ಹೇಳದ ರಿಸಲ್ಟ್

ಪ್ರಶ್ನೆ: ನನಗೆ 23 ವರ್ಷ. ಊರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಆದಮೇಲೆ ಸಿಎ ಫೌಂಡೇಶನ್ ಪಾಸಾಯಿತು, ಜೊತೆಗೆ ಬಿ.ಕಾಂ. ಮುಗಿಸಿದೆ. ಇಂಟರ್ ಮೊದಲ ಗ್ರೂಪ್ ಆಗಿದೆ. ಎರಡನೇ ಗ್ರೂಪ್ ಮೂರನೇ ಸಲವೂ ಹೋಯಿತು. ಕಾಸ್ಟಿಂಗ್ 38, ಆಡಿಟಿಂಗ್ 61, ಎಫ್‌ಎಂ-ಎಸ್‌ಎಂ 47. ಕಾಸ್ಟಿಂಗ್‌ನಲ್ಲಿ ಗೊತ್ತಿಲ್ಲದ್ದನ್ನೆಲ್ಲ ಬಿಟ್ಟು ಬಂದೆ. ಇಂಗ್ಲಿಷ್ ನೆಟ್ಟಗೆ ಬಾರದವಳಿಗೆ ಈ ಓದು ಯಾಕೆ ಬೇಕಿತ್ತು ಅನಿಸುತ್ತಿದೆ. ಅಪ್ಪ ರೇಷ್ಮೆ ಬೆಳೆಯುತ್ತಾರೆ, ನನ್ನ ಕೋಚಿಂಗ್‌ಗೆ ಸಾಲ ಮಾಡಿದ್ದಾರೆ. ಊರಲ್ಲೆಲ್ಲ ‘ನನ್ ಮಗಳು ಆಡಿಟರ್ ಆಗ್ತಾಳೆ’ ಅಂತ ಹೇಳಿಕೊಂಡಿದ್ದಾರೆ. ರಿಸಲ್ಟ್ ಬಂದು ಹನ್ನೆರಡು ದಿನ ಆಯಿತು, ಇನ್ನೂ ಬಂದಿಲ್ಲ ಅಂತ ಅವರಿಗೆ ಸುಳ್ಳು ಹೇಳಿದ್ದೇನೆ. ಒಮ್ಮೊಮ್ಮೆ ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲಾದರೂ ಹೋಗಿಬಿಡೋಣ ಅನಿಸುತ್ತದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಸಿಪಿಎ ಮಾಡು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಸಲ ಒಂದೇ ಬಾಗಿಲು ತಟ್ಟಿ ವಾಪಸ್ಸು ಬರುವುದು ಸಣ್ಣ ನೋವಲ್ಲ. ಅದರ ಮೇಲೆ ಹನ್ನೆರಡು ದಿನದಿಂದ ಒಂದು ಸುಳ್ಳನ್ನು ಒಬ್ಬರೇ ಹೊತ್ತಿದ್ದೀರಿ. ದಿನಾ ಅಪ್ಪ ಮನೆಗೆ ಬರುವ ಹೊತ್ತಿಗೆ ಎದೆ ಡವಡವ ಅನ್ನುತ್ತಿರಬೇಕು. ಆ ಸುಳ್ಳು ಹುಟ್ಟಿದ್ದು ಅಪ್ಪನ ಮೇಲಿನ ಪ್ರೀತಿಯಿಂದ, ಮೋಸದ ಬುದ್ಧಿಯಿಂದಲ್ಲ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಬೇರೆ ಮಾತಿಗೆ ಹೋಗುವ ಮೊದಲು ಒಂದನ್ನು ನೇರವಾಗಿ ಕೇಳುತ್ತೇನೆ. ‘ಎಲ್ಲಾದರೂ ಹೋಗಿಬಿಡೋಣ’ ಎಂದು ಬರೆದಿದ್ದೀರಿ. ಅದರೊಳಗೆ ಬದುಕೇ ಬೇಡ ಎನ್ನುವ ಯೋಚನೆ ಇದ್ದರೆ, ಮಸುಕಾಗಿ ಇದ್ದರೂ ಸರಿ, ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೆಯಲ್ಲಿ ಅಮ್ಮನೋ ಅಕ್ಕನೋ, ಯಾರಾದರೂ ಒಬ್ಬರಿಗೆ ‘ನನಗೆ ಹೀಗೆ ಅನಿಸ್ತಿದೆ, ಜೊತೇಲಿರು’ ಅನ್ನಿ. ಇದನ್ನು ಓದುತ್ತಿರುವ ಬೇರೆ ಮಕ್ಕಳಿಗೂ ಇದೇ ಮಾತು. ಪರೀಕ್ಷೆಯ ವಿಚಾರ ನಾಳೆ ನೋಡಿದರೂ ನಡೆಯುತ್ತದೆ, ಈ ಫೋನು ಮಾತ್ರ ಇವತ್ತೇ.

ಈಗ ನಿಮ್ಮ ಅಂಕಗಳಿಗೆ ಬರೋಣ. ಇಂಗ್ಲಿಷ್ ಬಾರದ್ದೇ ಸೋಲಿಗೆ ಕಾರಣ ಎಂದಿದ್ದೀರಿ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ನಮ್ಮ ಹಳ್ಳಿಯ ಮಕ್ಕಳಿಗೆ ಅದು ನಿಜವಾಗಿಯೂ ಭಾರ, ಅದನ್ನು ಹಗುರ ಮಾಡಿ ಹೇಳಲಾರೆ. ಆದರೂ ನಿಮ್ಮ ಮೂರು ಪೇಪರುಗಳಲ್ಲಿ ಪುಟಗಟ್ಟಲೆ ಇಂಗ್ಲಿಷ್ ಬರೆಯಬೇಕಾದದ್ದು ಯಾವುದು? ಆಡಿಟಿಂಗ್. ಅದರಲ್ಲೇ ನಿಮಗೆ 61. ಲೆಕ್ಕವೇ ಹೆಚ್ಚಿರುವ ಕಾಸ್ಟಿಂಗ್‌ನಲ್ಲಿ 38. ಇಷ್ಟು ದಿನ ನೀವು ದೂರಿದ್ದು ಭಾಷೆಯನ್ನು, ಅಂಕಪಟ್ಟಿ ಬೊಟ್ಟು ಮಾಡುತ್ತಿರುವುದು ಬೇರೆ ಕಡೆಗೆ.

ನಿಮ್ಮ ಕಡೆಯ ರೇಷ್ಮೆ ಹುಳದ ಮನೆಗಳಲ್ಲಿ ನಾನು ಕೂತು ಮಾತಾಡಿದ್ದೇನೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳ ಸಾಯತೊಡಗಿದರೆ ನಿಮ್ಮಪ್ಪ ಏನು ಮಾಡುತ್ತಾರೆ, ನೆನಪಿಸಿಕೊಳ್ಳಿ. ‘ನನಗೆ ರೇಷ್ಮೆ ಒಗ್ಗಲ್ಲ’ ಅಂದು ಸೊಪ್ಪಿನ ತೋಟ ಕಿತ್ತು ಹಾಕುತ್ತಾರೆಯೇ? ಸತ್ತ ಹುಳವನ್ನು ಕೈಗೆತ್ತಿಕೊಂಡು ನೋಡುತ್ತಾರೆ. ಮೈ ಊದಿ ಹಾಲಿನಂಥ ನೀರು ಸೋರಿದರೆ ಹಾಲುತೊಂಡೆ. ಸೆಟೆದು ಸೀಮೆಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಸುಣ್ಣಕಟ್ಟು. ಯಾವ ರೋಗವೆಂದು ತಿಳಿದ ಮೇಲೆಯೇ ಅದಕ್ಕೆ ತಕ್ಕ ಆರೈಕೆ. ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಮತ್ತೆ ಮೊಟ್ಟೆ ತರುತ್ತಾರೆ. ನಿಮ್ಮ ಕಾಸ್ಟಿಂಗ್ ಪೇಪರನ್ನೂ ಹಾಗೆ ಕೈಗೆತ್ತಿಕೊಂಡು ನೋಡಬೇಕಾಗಿದೆ.

ಫಲಿತಾಂಶ ಬಂದ ಒಂದು ತಿಂಗಳೊಳಗೆ ಸಿಎ ಸಂಸ್ಥೆಗೆ ಅರ್ಜಿ ಹಾಕಿ ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳಬಹುದು. ಹನ್ನೆರಡು ದಿನ ಕಳೆದಿದೆ, ತಡಮಾಡಬೇಡಿ. ನಕಲು ಬಂದಾಗ ಒಬ್ಬರೇ ಕೂತು ನೋಡಬೇಡಿ, ಹೇಳಿಕೊಟ್ಟ ಮೇಷ್ಟರ ಜೊತೆ ನೋಡಿ. ಲೆಕ್ಕದ ಹಂತಗಳನ್ನು ತೋರಿಸಿದ್ದೀರಾ, ಯಾವ ಅಧ್ಯಾಯವನ್ನು ಮುಟ್ಟಿಯೇ ಇಲ್ಲ, ಸಮಯ ಎಲ್ಲಿ ಜಾರಿತು ಎಂದು ಗುರುತು ಹಾಕಿ.

ಇನ್ನೊಂದು ವಿಷಯ ನನಗೆ ಮುಖ್ಯವಾಗಿ ಕಂಡಿತು. ಗೊತ್ತಿಲ್ಲದ್ದನ್ನೆಲ್ಲ ಬಿಟ್ಟು ಬಂದೆ ಎಂದಿದ್ದೀರಿ. ಫೌಂಡೇಶನ್‌ನ ಆಬ್ಜೆಕ್ಟಿವ್ ಪೇಪರುಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಆಗ ಅಂಟಿದ ಭಯ ಇನ್ನೂ ಬಿಟ್ಟಿಲ್ಲವೇನೋ. ಇಂಟರ್‌ನಲ್ಲಿ ಪ್ರತಿ ಪೇಪರಿನ 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ, ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡಿ. ಕಾಸ್ಟಿಂಗ್ ನಿಮಗೆ ತಪ್ಪಿದ್ದು ಎರಡೇ ಅಂಕದಲ್ಲಿ!

ಲೆಕ್ಕ ನಿಮ್ಮ ವಿದ್ಯೆ, ಆದರೂ ಒಮ್ಮೆ ನನ್ನ ಜೊತೆ ಕೂಡಿಸಿ. ಪ್ರತಿ ಪೇಪರಿನಲ್ಲಿ 40, ಗ್ರೂಪಿನ 300ಕ್ಕೆ 150 ಬೇಕು. ನಿಮಗೆ ಬಂದದ್ದು 146. ಒಂದು ಪೇಪರಿನಲ್ಲಿ 60 ದಾಟಿದ್ದರಿಂದ ಆಡಿಟಿಂಗ್‌ಗೆ ಮುಂದಿನ 3 ಪರೀಕ್ಷೆಗಳವರೆಗೆ ವಿನಾಯಿತಿ ಇದೆ, ಆ 61 ಜೊತೆಯಲ್ಲೇ ಬರುತ್ತದೆ. ಉಳಿದ ಎರಡು ಪೇಪರಿಗೆ ಈ ಸಲ 85 ಬಂದಿತ್ತು, ಬೇಕಾದದ್ದು 89. ಇಂಟರ್ ಪರೀಕ್ಷೆ ಜನವರಿ, ಮೇ, ಸೆಪ್ಟೆಂಬರ್ ಎಂದು ಈಗ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಪತ್ರದಲ್ಲಿ ವಿನಾಯಿತಿಯ ಸುದ್ದಿಯೇ ಇಲ್ಲ. ಮನಸ್ಸು ಸೋತಾಗ ಕಣ್ಣು 38ರ ಮೇಲೇ ನಿಂತುಬಿಡುತ್ತದೆ.

ಎರಡೂ ಗ್ರೂಪ್ ಆಗದೆ ಎರಡು ವರ್ಷದ ಆರ್ಟಿಕಲ್‌ಶಿಪ್‌ಗೆ ಸೇರುವಂತಿಲ್ಲ, ಜೊತೆಯವರು ಮುಂದೆ ಹೋಗಿರುವುದು ಚುಚ್ಚುತ್ತಿರಬಹುದು. ಅವರ ಸ್ಟೇಟಸ್ ನೋಡುವುದನ್ನು ಸ್ವಲ್ಪ ದಿನ ಬಿಡಿ. ಹೊಸ ಕೋಚಿಂಗ್‌ಗೆ ಮತ್ತೆ ಸಾಲ ಬೇಡ, ಸಂಸ್ಥೆಯ ಸ್ಟಡಿ ಮೆಟೀರಿಯಲ್ ಅವರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ, ಆನ್‌ಲೈನ್ ಪಾಠಗಳೂ ಇವೆ.

ಸಿಪಿಎ ಬಗ್ಗೆ: ಅಮೆರಿಕದ ಸಿಎ ಅನ್ನಬಹುದಾದ ಅದೂ ಒಳ್ಳೆಯ ಓದೇ, ಭಾರತದಲ್ಲೇ ಪರೀಕ್ಷೆ ಬರೆಯಬಹುದು. ನಮ್ಮಲ್ಲಿ ಸಿಎಗೆ 1949ರ ಕಾಯ್ದೆಯಿಂದ ಇಡೀ ದೇಶಕ್ಕೆ ಒಂದೇ ಸಂಸ್ಥೆ ಇದೆ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಓದು ಎಷ್ಟಿರಬೇಕು ಎಂಬ ನಿಯಮವೂ ಅವರವರದ್ದೇ. ಶುಲ್ಕ ಡಾಲರಿನಲ್ಲಿ. ಇಲ್ಲಿಯ ನೋವಿನಿಂದ ಓಡಿಹೋಗಲು ಅದನ್ನು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ವಿನಾಯಿತಿ ಇರುವ ಈ ಮೂರು ಪರೀಕ್ಷೆಗಳನ್ನೇ ಗಡುವು ಮಾಡಿಕೊಳ್ಳಿ. ಅಷ್ಟರಲ್ಲಿ ಆಗದಿದ್ದರೆ ಬಿ.ಕಾಂ. ಮೇಲೆ ಅಕೌಂಟ್ಸ್ ಕೆಲಸವಿದೆ, ಜಿಎಸ್‌ಟಿ ಪ್ರಾಕ್ಟೀಷನರ್ ಕೂಡ ಆಗಬಹುದು.

ಉಳಿದದ್ದು ಅಪ್ಪ. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಹೇಳಬೇಡಿ, ಅವತ್ತು ಮನೆಯಲ್ಲಿ ಯಾರಿಗೂ ಉಸಿರಾಡಲು ಬಿಡುವಿರುವುದಿಲ್ಲ. ಹಾಗೆಂದು ಈ ವಾರ ದಾಟಿಸಲೂ ಬೇಡಿ. ರಾತ್ರಿ ಊಟವಾದ ಮೇಲೆ, ಅಮ್ಮ ಪಕ್ಕದಲ್ಲಿರುವಾಗ, ‘ಅಪ್ಪಾ, ರಿಸಲ್ಟ್ ಬಂದು ಹನ್ನೆರಡು ದಿನ ಆಯ್ತು. ಆಗ್ಲಿಲ್ಲ. ಹೇಳೋಕೆ ಹೆದರಿಕೆ ಆಯ್ತು’ ಅನ್ನಿ. ಅಷ್ಟೇ ಸಾಕು, ಆಮೇಲೆ ಸುಮ್ಮನಿರಿ. ಅವರು ಬೈಯಬಹುದು, ಎದ್ದು ಹೊರಗೆ ಹೋಗಬಹುದು. ಮಾರನೆ ದಿನ ಮೂರು ಅಂಕಗಳನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಡಿ. 89 ಬೇಕಿತ್ತು, 85 ಬಂತು ಅಂತ ಕನ್ನಡದಲ್ಲೇ ಬಿಡಿಸಿ ಹೇಳಿ. ಊರಿನವರು ಕೇಳಿದರೆ ಏನು ಹೇಳುವುದೆಂದು ಅವರನ್ನೇ ಕೇಳಿ, ಇಬ್ಬರೂ ಒಂದೇ ಮಾತು ಹೇಳಿ. ಆ ಹಾಳೆ ಎಸೆಯಬೇಡಿ. ಉತ್ತರ ಪತ್ರಿಕೆಯ ನಕಲು ಬಂದಾಗ ಪಕ್ಕದಲ್ಲಿಟ್ಟುಕೊಂಡು ನೋಡಿ, ಏನು ಕಂಡಿತೆಂದು ನನಗೂ ಬರೆಯಿರಿ.