ಔಷಧಕ್ಕೆ ಮೊದಲು ಪರೀಕ್ಷೆಗೆ ಹಣ ಏಕೆ?



ಕಳೆದ ಸಭೆಯಲ್ಲಿ ಹಿರಿಯ ದಾನಿಯೊಬ್ಬರು ನನ್ನನ್ನು ಕೇಳಿದರು: "ಸ್ತನ ಕ್ಯಾನ್ಸರಿನ ಔಷಧಕ್ಕೆ ಕೊಡಿ ಎಂದರೆ ಸಂತೋಷದಿಂದ ಕೊಡುತ್ತೇವೆ ಡಾಕ್ಟರೇ. ಆದರೆ ಒಂದರ ಮೇಲೊಂದು ಪರೀಕ್ಷೆಗೆ ಏಕೆ? ಒಂದೇ ಔಷಧ ವರ್ಷವಿಡೀ ಏಕೆ?" ನೆರವು ಕೋರಿ ಬರುವ ಅರ್ಜಿಗಳ ವೈದ್ಯಕೀಯ ಕಾಗದಪತ್ರ ನೋಡುವ ಕೆಲಸ ನನ್ನದು. ಆದ್ದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಕರೆಗಂಟೆಯ ಗುಂಡಿ ಹೊರಗೆ, ಸದ್ದು ಒಳಗೆ

ಜೀವಕೋಶದ ಪೊರೆಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಇವುಗಳ ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಮನೆಯ ಕರೆಗಂಟೆ ಒತ್ತಿದವರು ಒಳಗೆ ಬರುವುದಿಲ್ಲ, ಸದ್ದು ಮಾತ್ರ ಒಳಗೆ ಕೇಳುತ್ತದೆ. ಇಲ್ಲಿಯೂ ಹಾಗೆಯೇ. 'ಬೆಳೆ' ಎಂದು ಹೇಳುವ ಬೆಳವಣಿಗೆಯ ಅಂಶವೊಂದು ಹೊರಗಿನ ತುದಿಗೆ ಅಂಟಿಕೊಂಡಾಗ ರಿಸೆಪ್ಟರಿನ ಆಕಾರ ಬದಲಾಗುತ್ತದೆ. ಅದು ಪಕ್ಕದ ರಿಸೆಪ್ಟರಿನೊಂದಿಗೆ ಜೋಡಿಯಾಗುತ್ತದೆ. ಆಗ ಒಳಗಿನ ಎರಡು ಭಾಗಗಳು ಒಂದಕ್ಕೊಂದು ತಾಗಿ, ಒಂದು ಇನ್ನೊಂದನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಭಾಗ ಎಟಿಪಿಯಿಂದ ಫಾಸ್ಫೇಟನ್ನು ತೆಗೆದು, ರಿಸೆಪ್ಟರಿನ ಬಾಲದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುತ್ತದೆ.

ಈ ಫಾಸ್ಫೇಟೇ ಗುರುತು. ಸಂದೇಶ ಒಯ್ಯುವ ಪ್ರೋಟೀನುಗಳು ಕೋಶದೊಳಗೆ ಮೊದಲೇ ಇರುತ್ತವೆ, ಸುಮ್ಮನಿರುತ್ತವೆ ಅಷ್ಟೆ. ಗುರುತು ಬಿದ್ದೊಡನೆ ಗ್ರಬ್-2 ಎಂಬುದು ಅದಕ್ಕೆ ಕಚ್ಚಿಕೊಂಡು, ತನ್ನೊಂದಿಗೆ ಸಾಸ್ ಎಂಬ ಪ್ರೋಟೀನನ್ನು ಪೊರೆಯ ಬಳಿಗೆ ತರುತ್ತದೆ. ಪೊರೆಗೆ ಅಂಟಿಕೊಂಡಿರುವ ರಾಸ್ ಹಿಡಿದಿದ್ದ ಜಿಡಿಪಿ ಅಣುವನ್ನು ಸಾಸ್ ಬಿಡಿಸುತ್ತದೆ. ಖಾಲಿಯಾದ ಜಾಗಕ್ಕೆ ಜಿಟಿಪಿ ಬಂದು ಕೂರುತ್ತದೆ, ರಾಸ್ ಚಾಲೂ ಆಗುತ್ತದೆ. ಅದು ರ‍್ಯಾಫ್ ಅನ್ನು, ರ‍್ಯಾಫ್ ಮೆಕ್ ಅನ್ನು, ಮೆಕ್ ಅರ್ಕ್ ಅನ್ನು ಎಬ್ಬಿಸುತ್ತದೆ. ಅರ್ಕ್ ಕೋಶಕೇಂದ್ರಕ್ಕೆ ಹೋಗಿ, ಕೋಶ ಇಬ್ಭಾಗವಾಗಲು ಬೇಕಾದ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ.

ಆರೋಗ್ಯವಂತ ಕೋಶದಲ್ಲಿ ಇದು ನಿಲ್ಲಲೂ ಬೇಕು. ಫಾಸ್ಫೇಟ್ ಕಿತ್ತುಹಾಕುವ ಬೇರೆ ಪ್ರೋಟೀನುಗಳಿವೆ. ರಾಸ್ ಜಿಟಿಪಿಯನ್ನು ಒಡೆದು ಮತ್ತೆ ಸುಮ್ಮನಾಗುತ್ತದೆ.

ಗುಂಡಿ ಸಿಕ್ಕಿಕೊಂಡರೆ

ಹರ್-2 ಈ ಕುಟುಂಬದ ರಿಸೆಪ್ಟರ್. ಇದರ ವಿಶೇಷವೆಂದರೆ ಹೊರಗಿನಿಂದ ಯಾರೂ ಬಂದು ಅಂಟಬೇಕಿಲ್ಲ, ಜೋಡಿಯಾಗಲು ಇದು ಸದಾ ಸಿದ್ಧ. ಸಂಖ್ಯೆ ಮಿತಿಯಲ್ಲಿರುವವರೆಗೆ ತೊಂದರೆಯಿಲ್ಲ. ಆದರೆ ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 15ರಿಂದ 20ರಲ್ಲಿ ಹರ್-2 ಜೀನಿನ ಪ್ರತಿಗಳು ಹೆಚ್ಚಾಗಿ, ಪೊರೆಯ ತುಂಬ ಈ ರಿಸೆಪ್ಟರುಗಳು ಕಿಕ್ಕಿರಿಯುತ್ತವೆ. ಯಾರೂ ಒತ್ತದೆಯೇ ಗಂಟೆ ಬಡಿಯುತ್ತಲೇ ಇರುತ್ತದೆ. 1987ರಲ್ಲಿ ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ಇಂಥ ಗೆಡ್ಡೆಗಳು ಹೆಚ್ಚು ಉಗ್ರವೆಂದು ತೋರಿಸಿದರು.

ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧ ಹರ್-2ರ ಹೊರತುದಿಗೆ ಅಂಟಿಕೊಂಡು ಸಂದೇಶಕ್ಕೆ ತಡೆಯೊಡ್ಡುತ್ತದೆ. ರೋಗನಿರೋಧಕ ಕೋಶಗಳಿಗೆ 'ಶತ್ರು ಇಲ್ಲಿದ್ದಾನೆ' ಎಂದೂ ತೋರಿಸುತ್ತದೆ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಸಮಾನ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು.

ಹರ್-2 ಹೆಚ್ಚಿರದ ಗೆಡ್ಡೆಗೆ ಈ ಔಷಧದಿಂದ ಪ್ರಯೋಜನವಿಲ್ಲ. ಖರ್ಚೂ ದಂಡ, ಹೃದಯಕ್ಕೆ ಅಪಾಯವೂ ಉಂಟು. ಅದಕ್ಕೇ ಮೊದಲು ಪರೀಕ್ಷೆ. ಗೆಡ್ಡೆಯ ತುಣುಕಿಗೆ ಬಣ್ಣ ಹಾಕಿ ನೋಡುವ ಐಎಚ್‌ಸಿಯಲ್ಲಿ 0 ಅಥವಾ 1+ ಬಂದರೆ ಈ ಔಷಧ ಬೇಡ. 3+ ಬಂದರೆ ಬೇಕು. 2+ ಬಂದರೆ ಸಂದೇಹ, ಆಗ ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲ ವರ್ಷಗಳ ಹಿಂದೆ ಡೊಂಬಿವಲಿಯಿಂದ ಬಂದ ಅರ್ಜಿಯೊಂದರಲ್ಲಿ 2+ ಎಂದಿತ್ತು. 'ವರದಿ ಅಪೂರ್ಣ' ಎಂದು ಬರೆದು ಹಿಂದಕ್ಕೆ ಕಳಿಸಿದೆ. ಫಿಶ್ ಖರ್ಚನ್ನೂ ನಮ್ಮಿಂದ ಕೇಳಬಹುದೆಂದು ಆ ಮನೆಯವರಿಗೆ ನಾನು ತಿಳಿಸಲಿಲ್ಲ. ಅವರು ಕೈಗಡ ಹುಟ್ಟಿಸಿ ಪರೀಕ್ಷೆ ಮಾಡಿಸುವಷ್ಟರಲ್ಲಿ ಐದು ವಾರ ಕಳೆದಿತ್ತು. ಫಲಿತಾಂಶ ಪಾಸಿಟಿವ್. ಆ ತಾಯಿ ಚಿಕಿತ್ಸೆ ಮುಗಿಸಿದರು, ಆದರೆ ಆ ಐದು ವಾರ ನನ್ನ ಲೆಕ್ಕದಲ್ಲೇ ಉಳಿದಿದೆ. ಅಂದಿನಿಂದ 2+ ಬಂದ ಅರ್ಜಿಗೆ ಮೊದಲು ಫಿಶ್ ಹಣ ಮಂಜೂರು ಮಾಡಿಸುತ್ತೇನೆ, ಉಳಿದ ಕಾಗದ ಆಮೇಲೆ.

ವರ್ಷವಿಡೀ ಏಕೆ?

ಪ್ರತಿಕಾಯ ರಕ್ತದಲ್ಲಿ ಮೆಲ್ಲಗೆ ಕರಗುತ್ತದೆ, ಗುಂಡಿಗಳ ಮೇಲಿನ ತಡೆ ಸಡಿಲವಾಗಬಾರದು. ಆದ್ದರಿಂದ ಆರಂಭದ ಹಂತದ ಕಾಯಿಲೆಗೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ, ಅಂದರೆ ಸುಮಾರು 18 ಡೋಸ್. ಹೃದಯದ ಸ್ನಾಯುಕೋಶಗಳಿಗೂ ಹರ್-2 ಬೇಕಾಗಿರುವುದರಿಂದ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು. ಅರ್ಜಿಯಲ್ಲಿ ಎಕೋ ಖರ್ಚು ಕಂಡರೆ ಅದು ಹೆಚ್ಚುವರಿಯಲ್ಲ, ಚಿಕಿತ್ಸೆಯದೇ ಭಾಗ.

ಹಣವಿಲ್ಲದೆ ಆರನೆಯ ಡೋಸಿಗೆ ನಿಂತುಹೋದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ದಾನಿಗಳಲ್ಲಿ ನನ್ನ ವಿನಂತಿ: ಒಂದು ಡೋಸ್, ಒಂದು ಎಕೋ ಅಥವಾ ಒಂದು ಫಿಶ್ ಪರೀಕ್ಷೆ, ನಿಮ್ಮ ಶಕ್ತ್ಯಾನುಸಾರ ಒಂದರ ಹೊಣೆ ಹೊರಿ. ನಿಮ್ಮ ಬಳಗದಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ವರದಿಯಲ್ಲಿ ಹರ್-2 ಸಾಲನ್ನು ಹುಡುಕಿ. 2+ ಎಂದಿದ್ದರೆ ಕಾಯಬೇಡಿ, ಅಂದೇ ನಮಗೆ ತಿಳಿಸಿ.